ಟ್ಯಾಂಕಿನ ತುಕ್ಕಿಗೆ ಕಕ್ಕಸಿನ ಆಸಿಡ್

“ಅರ್ಧ ಬಾಟ್ಲಿ ಆಸಿಡ್ ಸುರಿದು ರಾತ್ರಿ ಬಿಟ್ಬಿಡಿ ಸಾರ್, ಬೆಳಗ್ಗೆ ಟ್ಯಾಂಕ್ ಪಳಪಳ!” ಹಳೆಯ ಜಾವಾನೋ ಯೆಜ್ಡಿಯೋ ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಇರಲಿಕ್ಕಿಲ್ಲ. ಹೇಳುವವರು ಮೆಕ್ಯಾನಿಕ್ಕೇ ಆಗಬೇಕೆಂದಿಲ್ಲ. ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಹೇಳಿಯೇ ಹೋಗುತ್ತಾರೆ. ಅವರ ಬಾಯಲ್ಲಿ ಆಸಿಡ್ ಎಂದರೆ ಕಕ್ಕಸು ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್.

ಪಳಪಳ ಆಗುವುದು ನಿಜ. ಆದರೆ ಆ ಆಸಿಡ್‌ಗೆ ತುಕ್ಕು ಯಾವುದು, ತಗಡು ಯಾವುದು ಎಂಬ ಭೇದವಿಲ್ಲ. ತುಕ್ಕು ತಿನ್ನುತ್ತಿರುವಾಗಲೇ ಕಬ್ಬಿಣಕ್ಕೂ ಬಾಯಿ ಹಾಕುತ್ತದೆ. ಒಳಗೆ ಏಳುವ ಗುಳ್ಳೆ ಕಂಡು ‘ಕೆಲಸ ಮಾಡ್ತಿದೆ’ ಎಂದು ಹಿಗ್ಗುತ್ತಾರಲ್ಲ, ಅದು ಹೈಡ್ರೋಜನ್. ತುಕ್ಕು ಕರಗಿದರೆ ಹೈಡ್ರೋಜನ್ ಬರುವುದಿಲ್ಲ. ಕಬ್ಬಿಣ ಕರಗಿದರೆ ಬರುತ್ತದೆ. ಅಂದರೆ ಗುಳ್ಳೆ ಏಳುತ್ತಿದ್ದರೆ ಕರಗುತ್ತಿರುವುದು ನಿಮ್ಮ ಟ್ಯಾಂಕು. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ ಬೇರೆ. ಪೆಟ್ರೋಲ್ ಆವಿಯೂ ಪೂರ್ತಿ ಹೋಗದ ಟ್ಯಾಂಕಿನ ಬಾಯಿಗೆ ಸಿಗರೇಟು ಹಿಡಿದುಕೊಂಡೇ ಬಗ್ಗುವ ಮಹಾನುಭಾವರಿದ್ದಾರೆ.

‘ಕಾರ್ಖಾನೆಗಳಲ್ಲೂ ಇದೇ ಆಸಿಡ್ ಬಳಸುತ್ತಾರಲ್ಲ’ ಎಂಬ ವಾದ ಬರುತ್ತದೆ. ಬಳಸುತ್ತಾರೆ. ಆದರೆ ಕಬ್ಬಿಣವನ್ನು ಕಾಯುವ ರಾಸಾಯನಿಕ ಬೆರೆಸಿ, ಹೊತ್ತು ನೋಡಿ ತೆಗೆದು, ತೊಳೆದು, ಕೂಡಲೇ ಸತುವನ್ನೋ ಎಣ್ಣೆಯನ್ನೋ ಬಳಿಯುತ್ತಾರೆ. ನಮ್ಮವರು ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ನಲ್ಲಿ ನೀರಲ್ಲಿ ಕುಲುಕಿ ಬಿಸಿಲಿಗಿಡುತ್ತಾರೆ. ಬೋಳಾದ ಕಬ್ಬಿಣದಷ್ಟು ಬೇಗ ತುಕ್ಕು ಹಿಡಿಯುವುದು ಇನ್ನೊಂದಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಒಳಗೋಡೆಗೆ ಕಿತ್ತಳೆ ಬಣ್ಣದ ಹುಡಿ ಕೂತಿರುತ್ತದೆ. ತಗಡುಗಳು ಕೂಡುವ ಬೆಸುಗೆ ಸಂದಿಯಲ್ಲಿ ಉಳಿದ ಕ್ಲೋರೈಡ್ ತೇವ ಎಳೆದುಕೊಂಡು ತಿಂಗಳುಗಟ್ಟಲೆ ಕೊರೆಯುತ್ತಲೇ ಇರುತ್ತದೆ. ಮೊದಲೇ ಇದ್ದ ಸೂಜಿತೂತನ್ನು ಮುಚ್ಚಿಕೊಂಡಿದ್ದದ್ದು ಅದೇ ತುಕ್ಕು. ಅದು ಹೋದ ಮೇಲೆ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಪಕ್ಕದ ಕ್ರೋಮ್ ಮೇಲೆ ಆಸಿಡ್ ಚೆಲ್ಲಿದರೆ ಅದರ ಕಥೆಯೂ ಮುಗಿಯಿತು. ಈ ಗಾಡಿಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದು 1996ರಲ್ಲಿ. ಆ ಕಾರ್ಖಾನೆಯ ಟ್ಯಾಂಕು ಇನ್ನೊಂದು ಬೇಕೆಂದರೆ ಗುಜರಿಯಲ್ಲಿ ಹುಡುಕಬೇಕು.

ಕೋಲಾ ಸುರಿಯುವವರಿಗೆ ಒಂದೇ ಮಾತು: ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರುವುದು ಹೆಸರಿಗಷ್ಟೇ, ಸಕ್ಕರೆ ಬೇಕಾದಷ್ಟು. ಡೀಸೆಲ್, ಸೀಮೆಎಣ್ಣೆ ಜಿಡ್ಡು ತೆಗೆಯುತ್ತವೆ, ತುಕ್ಕು ಕರಗಿಸುವುದಿಲ್ಲ. ಜಲ್ಲಿ ಹಾಕಿ ಕುಲುಕುವ ಬದಲು ತುಂಡು ಚೈನು ಹಾಕಿ, ಎಳೆದರೆ ಇಡಿಯಾಗಿ ಹೊರಗೆ ಬರುತ್ತದೆ. ತುಕ್ಕಿನ ಮೇಲೆಯೇ ಎಪಾಕ್ಸಿ ಹೊಯ್ದರೆ ಅದು ಹಪ್ಪಳದಂತೆ ಎದ್ದು ಕಾರ್ಬ್ಯುರೇಟರ್ ದಾರಿ ಹಿಡಿಯುತ್ತದೆ.

‘ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಲ್ಲೇ ಆಯಿಲ್ ಇದೆ, ತುಕ್ಕು ಎಲ್ಲಿಂದ?’ ಎನ್ನುವವರು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಲಿ. ಪೆಟ್ರೋಲ್ ಮಟ್ಟದಿಂದ ಮೇಲಿನ ಭಾಗಕ್ಕೆ ಆಯಿಲ್ ತಾಗುವುದೇ ಅಪರೂಪ, ಗಾಳಿಯ ತೇವ ಮಾತ್ರ ತಪ್ಪದೆ ತಾಗುತ್ತದೆ. ಕೆಳಗೆ ಇನ್ನೊಂದು ತಾಪತ್ರಯ. ಈಗಿನ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್. ಅದು ನೀರು ಹೀರುತ್ತದೆ, ನೀರು ಹೆಚ್ಚಾದರೆ ಆ ನೀರನ್ನೂ ಕರೆದುಕೊಂಡು ತಳಕ್ಕಿಳಿಯುತ್ತದೆ. ಫ್ರೇಮಿನ ಎರಡೂ ಬದಿಗೆ ಇಳಿಬಿದ್ದ ಟ್ಯಾಂಕಿನಲ್ಲಿ, ಪೆಟ್ರೋಲ್ ಕಾಕ್ ಇಲ್ಲದ ಬದಿಯ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ಟ್ಯಾಂಕ್ ಬರಿದು ಮಾಡಿ, ಒಳಗೆಲ್ಲ 2ಟಿ ಆಯಿಲ್ ಆಡಿಸಿಡುವುದು ವಾಸಿ.

ತುಕ್ಕು ಬಂದೇಬಿಟ್ಟಿದ್ದರೆ ಗ್ರಂಥಿಗೆ ಅಂಗಡಿಯ ಸಿಟ್ರಿಕ್ ಆಸಿಡ್ ಸಾಕು: ಸೋಪುನೀರಲ್ಲಿ ಟ್ಯಾಂಕ್ ತೊಳೆದ ಮೇಲೆ ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ. ಇದೂ ಕಬ್ಬಿಣ ತಿನ್ನುತ್ತದೆ, ಆದರೆ ಬಹಳ ನಿಧಾನ; ಆಗಾಗ ನೋಡುತ್ತಿದ್ದು ತುಕ್ಕು ಬಿಟ್ಟ ಕೂಡಲೇ ಚೆಲ್ಲಬಹುದು. ಆಮೇಲೆ ಅಡುಗೆ ಸೋಡಾ ನೀರು, ಬಿಸಿಗಾಳಿ, ತಡಮಾಡದೆ ಆಯಿಲ್. ತಾಳ್ಮೆಯಿದ್ದವರು ವಾಷಿಂಗ್ ಸೋಡಾ ನೀರು ತುಂಬಿ, ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ಟ್ಯಾಂಕಿಗೂ ಪಾಸಿಟಿವ್ ಒಳಗೆ ಇಳಿಬಿಟ್ಟ ಕಬ್ಬಿಣದ ಸರಳಿಗೂ ಕೊಟ್ಟು ತುಕ್ಕು ಬಿಡಿಸುತ್ತಾರೆ. ಒಳ್ಳೆಯ ತಗಡಿಗೆ ಏನೂ ಆಗುವುದಿಲ್ಲ. ಸರಳು ಟ್ಯಾಂಕಿಗೆ ತಾಗಬಾರದು, ಸ್ಟೇನ್‌ಲೆಸ್ ಸ್ಟೀಲಿನದಾಗಿರಬಾರದು, ಇಲ್ಲೂ ಹೈಡ್ರೋಜನ್ ಬರುವುದರಿಂದ ಬಯಲಲ್ಲೇ ಮಾಡಬೇಕು.

ಇದನ್ನೆಲ್ಲ ಹೇಳಿದರೆ ‘ಅಷ್ಟೊಂದು ಯಾರು ಮಾಡ್ತಾರೆ ಸಾರ್’ ಎನ್ನುತ್ತಾರೆ. ಒಂದು ನಿಮಿಷದ ವಿಡಿಯೋ ಟ್ಯಾಂಕ್ ಹೊಳೆದ ಕ್ಷಣಕ್ಕೇ ಮುಗಿಯುತ್ತದೆ, ನಂಬಿಕೆಗೆ ಅಷ್ಟು ಸಾಕು. ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿದರೆ ಮೈಲೇಜ್ ಏರುತ್ತದೆ ಎಂದು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳುವವರೂ ಇವರೇ. ಆ ಪೈಪಿಗೆ ಒಂದು ಫಿಲ್ಟರ್ ಹಾಕಿ ಎಂದರೆ ಮಾತ್ರ ‘ಅದೆಲ್ಲ ದುಡ್ಡು ದಂಡ’ ಎಂದು ಕಿಕ್ ಹೊಡೆದು ಹೋಗುತ್ತಾರೆ.