ಜೇನು ಶರಬತ್ತು ಎಲ್ಲಿಯವರೆಗೆ ಹಲಾಲ್?

ಜೇನಿನಲ್ಲಿ ಮನುಷ್ಯರಿಗೆ ಶಮನವಿದೆಯೆಂದು ಸೂರಃ ಅನ್ನಹ್ಲ್ (16:69) ತಿಳಿಸುತ್ತದೆ. ಹಾಗಿದ್ದರೆ ಜೇನುನೀರನ್ನು ಮನೆಯಲ್ಲೇ ಹುದುಗಿಸಿ ಮಾಡುವ ಸಿಹಿ ಪಾನೀಯದಲ್ಲಿ ತಪ್ಪೇನು?

ಪ್ರಶ್ನೆ ಹಳೆಯದು. ಯಮನಿನವರು ಜೇನಿನಿಂದ 'ಬಿತ್ಅ್' ಎಂಬ ಪಾನೀಯ ಮಾಡುತ್ತಿದ್ದರು. ಅದರ ಬಗ್ಗೆ ಕೇಳಿದಾಗ, ಅಮಲೇರಿಸುವ ಪಾನೀಯವೆಲ್ಲ ಹರಾಮ್ ಎಂದು ಪ್ರವಾದಿ(ಸ)ರು ತಿಳಿಸಿದರೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ನಿಷೇಧ ಜೇನಿಗಲ್ಲ, ಅಮಲಿಗೆ. ಹೆಚ್ಚು ಕುಡಿದರೆ ಅಮಲೇರಿಸುವುದು ಸ್ವಲ್ಪವಾದರೂ ಹರಾಮೇ.

ಗಟ್ಟಿ ಜೇನಿನಲ್ಲಿ ನೀರು ಕಡಿಮೆ, ಆದ್ದರಿಂದ ಅದು ಕೆಡುವುದಿಲ್ಲ. ನೀರು ಬೆರೆಸಿಟ್ಟರೆ ಈಸ್ಟ್ ಎಂಬ ಸೂಕ್ಷ್ಮಜೀವಿ ಅದರ ಸಕ್ಕರೆಯನ್ನು ಆಲ್ಕೋಹಾಲ್ ಆಗಿಸುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಿಸಿಲಿನಲ್ಲಿ ಕಬ್ಬಿನ ಹಾಲು ಎಷ್ಟು ಬೇಗ ಹುಳಿಯಾಗುತ್ತದೆಂದು ನಾವೆಲ್ಲ ಬಲ್ಲೆವು.

ಪ್ರವಾದಿ(ಸ)ರಿಗಾಗಿ ಬೆಳಿಗ್ಗೆ ನೆನೆಸಿದ ಖರ್ಜೂರದ ನೀರನ್ನು ರಾತ್ರಿ, ರಾತ್ರಿ ನೆನೆಸಿದ್ದನ್ನು ಬೆಳಿಗ್ಗೆ ಕೊಡಲಾಗುತ್ತಿತ್ತೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ನಾವೂ ಹಾಗೆಯೇ ಮಾಡೋಣ. ಇಫ್ತಾರಿನ ಜೇನು ಶರಬತ್ತನ್ನು ನಿಂಬೆ ಹಿಂಡಿ ಅಂದಂದೇ ಕಲಸೋಣ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸೋಣ. ತಾನಾಗಿ ಗುಳ್ಳೆಯೆದ್ದು, ನೊರೆ ಬಂದು, ಹೆಂಡದ ವಾಸನೆ ಹೊಡೆದರೆ ಹಿಂಜರಿಯದೆ ಚೆಲ್ಲೋಣ. ಶಮನವಾಗಬೇಕಾದದ್ದು ಮಕ್ಕಳ ಕೈಗೆ ಅಮಲಾಗಿ ಸೇರದಿರಲಿ.