ಅಳತೆಪಟ್ಟಿಯ ಮೇಲೆ ಜಾರುವ ಮೂಲೆಮಟ್ಟ

ಕಾರವಾರ, ಅಂಕೋಲಾ ಭಾಗದಲ್ಲಿ ಬಾಗಿಲು, ಕಿಟಕಿಗಳ ಕೆಲಸ ಹಿಡಿಯುವ ಆಚಾರಿಗೆ ಗರಗಸ ಹಚ್ಚುವುದಕ್ಕೆ ಮೊದಲು ಗುರುತು ಹಾಕಲು ಬೇಕಾಗುವ ಉಪಕರಣಗಳು ಕಡಿಮೆಯೇನಲ್ಲ: ಲಂಬಕೋನ ನೋಡಲು ಮೂಲೆಮಟ್ಟ, ಅಂಚಿಗೆ ಸಮಾನಾಂತರವಾಗಿ ಗೀರು ಎಳೆಯಲು ಮಾರ್ಕಿಂಗ್ ಗೇಜ್, ಗಾಜಿನ ನಳಿಗೆಯೊಳಗೆ ಗುಳ್ಳೆ ಓಡುವ ರಸಮಟ್ಟ, ತೂಗುಗುಂಡು. ಇವನ್ನೆಲ್ಲ ಒಂದೇ ಸಾಧನದೊಳಗೆ ಅಡಕಗೊಳಿಸಿ ಅದಕ್ಕೆ ಪೇಟೆಂಟ್, ಅಂದರೆ ಹೊಸ ಯುಕ್ತಿಯ ಮೇಲೆ ಸರ್ಕಾರ ನಿಗದಿತ ಅವಧಿಗೆ ಕೊಡುವ ಏಕಸ್ವಾಮ್ಯ, ಪಡೆಯುವ ಉತ್ಸಾಹ 19ನೆಯ ಶತಮಾನದ ಅಮೆರಿಕದಲ್ಲಿ ಜೋರಾಗಿತ್ತು.

ಸ್ಟೀಫನ್ಸ್ ಎಂಬುವರ 1858ರ ಪೇಟೆಂಟಿನ ಮಡಚುಪಟ್ಟಿಯಲ್ಲಿ ರಸಮಟ್ಟವೂ ಕೋನ ಅಳೆಯುವ ಅನುಕೂಲವೂ ಇದ್ದವು. ಜಸ್ಟಸ್ ಟ್ರಾಟ್ 1887ರಲ್ಲಿ ಪೇಟೆಂಟ್ ಪಡೆದು ಸ್ಟ್ಯಾನ್ಲಿ ಕಂಪನಿ ಮಾರಿದ 'ಆಡ್ ಜಾಬ್ಸ್' ಎಂಬ ಸಣ್ಣ ಲೋಹದ ಸಾಧನ ಇನ್ನೂ ಮುಂದೆ ಹೋಗಿ, ಅಳತೆಪಟ್ಟಿಯೊಂದನ್ನು ತೂರಿಸಿದರೆ ಹತ್ತು ಉಪಕರಣಗಳ ಕೆಲಸ ಮಾಡುತ್ತದೆ ಎನಿಸಿಕೊಂಡಿತು. ಹತ್ತು ಕೆಲಸಕ್ಕೆ ಒಗ್ಗುವ ಸಾಧನ ಯಾವುದರಲ್ಲೂ ಪೂರ್ತಿ ಪಳಗದೆಂಬುದು ಸಹಜ; ಇಂದು ಅದನ್ನು ಹುಡುಕುವವರು ಹೆಚ್ಚಾಗಿ ಹಳೆಯ ವಸ್ತುಗಳ ಸಂಗ್ರಾಹಕರು.

ಉಳಿದುಕೊಂಡದ್ದು ಲಾರಾಯ್ ಸ್ಟಾರೆಟ್ 1879ರಲ್ಲಿ ಪೇಟೆಂಟ್ ಪಡೆದ ಕಾಂಬಿನೇಷನ್ ಸ್ಕ್ವೇರ್. ಉಕ್ಕಿನ ಪಟ್ಟಿಯ ನಡುವಿನ ಕಾಲುವೆಯಲ್ಲಿ ಜಾರುವ ತಲೆಯನ್ನು ತಿರುಪಿನಿಂದ ಬೇಕಾದಲ್ಲಿ ಬಿಗಿದರೆ, ಅದೇ ಮೂಲೆಮಟ್ಟವಾಗಿ 90 ಮತ್ತು 45 ಡಿಗ್ರಿ ತೋರಿಸುತ್ತದೆ, ಗುಳಿಯ ಆಳ ಅಳೆಯುತ್ತದೆ, ಪಟ್ಟಿಯ ತುದಿಗೆ ಪೆನ್ಸಿಲ್ ಒತ್ತಿ ಎಳೆದರೆ ಮಾರ್ಕಿಂಗ್ ಗೇಜೂ ಆಗುತ್ತದೆ.

ಕರಾವಳಿಗೆ ಇದು ಒಗ್ಗುವುದಕ್ಕೆ ಇನ್ನೊಂದು ಕಾರಣವಿದೆ. ಮಳೆಗಾಲದ ತೇವ ಹೀರಿದ ಮರ ಎಳೆಗೆ ಅಡ್ಡಲಾಗಿ ಉಬ್ಬುವುದರಿಂದ ಮರದ ಮೂಲೆಮಟ್ಟದ ಕೋನ ಕೆಡಬಹುದು. ಉಕ್ಕಿಗೆ ಆ ತೊಂದರೆಯಿಲ್ಲ, ಆದರೆ ಉಪ್ಪುಗಾಳಿಗೆ ತುಕ್ಕು ಹಿಡಿದರೆ ತಲೆ ಜಾರದು, ಅಂಕಿಗಳೂ ಕಾಣವು. ಇನ್ನು ಪಟ್ಟಿಯ ಮೇಲಿನ ಅಳತೆಯ ಮಾತು: ಪ್ಲೈವುಡ್ ಹಾಳೆಯ ಉದ್ದಗಲ ಇಂದಿಗೂ 8ಕ್ಕೆ 4 ಅಡಿ, ದಪ್ಪ ಮಾತ್ರ ಮಿಲಿಮೀಟರಿನಲ್ಲಿ. ದಶಮಾನ ಪದ್ಧತಿಗೆ ದಾರಿಮಾಡಿದ 1956ರ ಕಾಯಿದೆಯ ನಂತರವೂ ಪಟ್ಟಿಯಲ್ಲಿ ಅಂಗುಲ, ಮಿಲಿಮೀಟರ್ ಎರಡೂ ಅಳತೆಗಳಿದ್ದರೆ ಎರಡೂ ಕೆಲಸಕ್ಕೆ ಬರುತ್ತವೆ.

ಹಳೆಯದನ್ನು ಕೊಳ್ಳುವವರು ಹಲಗೆಯ ನೇರ ಅಂಚಿಗೆ ತಲೆಯೊತ್ತಿ ಗೆರೆ ಎಳೆದು, ಸಾಧನವನ್ನು ಮಗುಚಿ, ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಬೇಕು. ಎರಡೂ ಒಂದರ ಮೇಲೊಂದು ಕೂಡದಿದ್ದರೆ ಅವುಗಳ ನಡುವಿನ ಅಂತರದ ಅರ್ಧವೇ ಸಾಧನದ ದೋಷ. ತಲೆಯ ಕಾಲುವೆ ಸವೆದಿದ್ದರೆ ಅದನ್ನು ಸರಿಪಡಿಸುವುದು ಸುಲಭವಲ್ಲ.