ಕಂದು ಅರಳೆಯ ನೆರಳು

ಬಿಸಿಲಿಗೆ ಬಿಳಿ ಹತ್ತಿ ಅಂಗಿಯೇ ಲೇಸು ಎಂದು ನಂಬಿಕೊಂಡು ಬಂದವರು ನಾವು. ತಂಪಿನ ಮಟ್ಟಿಗೆ ಸರಿ. ಚರ್ಮ ಸುಡುವ ನೇರಳಾತೀತ ಕಿರಣದ ಲೆಕ್ಕ ಬೇರೆ. ಬಟ್ಟೆ ಅದನ್ನೆಷ್ಟು ತಡೆಯುತ್ತದೆಂದು ಹೇಳುವ ಅಂಕಿಗೆ ಯುಪಿಎಫ್ ಎನ್ನುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 1996ರಲ್ಲಿ ಇದಕ್ಕೊಂದು ಮಾನದಂಡ ಬರೆದವು. ಅಂಕಿ 50 ಇದ್ದರೆ ಕಿರಣದ ಐವತ್ತರಲ್ಲೊಂದು ಪಾಲು ಒಳಬರುತ್ತದೆ. 4 ಇದ್ದರೆ ಕಾಲು ಪಾಲು.

2005ರಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕಿಯರು ಪ್ರಕಟಿಸಿದ ಅಳತೆ ನೋಡಿ. ಬ್ಲೀಚ್ ಮಾಡಿದ ಹತ್ತಿ ಬಟ್ಟೆಗೆ 4, ಮಾಡದ್ದಕ್ಕೆ 8. ಗಿಡದಲ್ಲೇ ಕಂದಾಗಿ ಬಿರಿಯುವ ಹತ್ತಿಗೆ 40ರಿಂದ 50ಕ್ಕೂ ಮೇಲೆ!

ಕಂದು ಹತ್ತಿ ಹೊಸದಲ್ಲ, ಪೆರುವಿನವರು ಸಾವಿರಾರು ವರ್ಷಗಳಿಂದ ಬೆಳೆದದ್ದೇ. ಆದರೆ ಎಳೆ ಗಿಡ್ಡ, ಗಿರಣಿಗೆ ಒಗ್ಗದು. 1982ರಲ್ಲಿ ಕ್ಯಾಲಿಫೋರ್ನಿಯಾದ ಹತ್ತಿ ತಳಿಗಾರನೊಬ್ಬನ ಬಳಿ ಕೆಲಸಕ್ಕಿದ್ದ ಕೀಟಶಾಸ್ತ್ರಜ್ಞೆ ಸ್ಯಾಲಿ ಫಾಕ್ಸ್ ಕಣ್ಣಿಗೆ ಇಂಥ ಬೀಜದ ಚೀಲವೊಂದು ಬಿತ್ತು. ಬೇರೆಯವರಾಗಿದ್ದರೆ ಪಕ್ಕಕ್ಕಿಡುತ್ತಿದ್ದರೇನೋ, ಆಕೆಗೆ ಚಿಕ್ಕಂದಿನಿಂದ ಕೈಯಲ್ಲಿ ನೂಲುವ ಗೀಳು. ಬಿತ್ತಿ, ಉದ್ದ ಎಳೆಯ ಗಿಡಗಳನ್ನಷ್ಟೇ ಆರಿಸಿ, ಮತ್ತೆ ಬಿತ್ತಿ, ಆ ದಶಕ ಮುಗಿಯುವಷ್ಟರಲ್ಲಿ ಯಂತ್ರದಲ್ಲಿ ನೂಲಬಹುದಾದ ಕಂದು, ಹಸಿರು ಹತ್ತಿ ತೆಗೆದರು. ಲೀವೈಸ್‌ನಂಥ ಕಂಪನಿಗಳೂ ಕೊಂಡವು.

ಜಗಳ ಹತ್ತಿದ್ದು ಆಗ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಹತ್ತಿಗೆ 1925ರಲ್ಲೇ ಒಂದೇ ತಳಿಯ ಕಾನೂನು ಬಂದಿತ್ತು; ಒಂದೇ ಸಮನಾದ ಬಿಳುಪೇ ಅಲ್ಲಿನ ರೈತರ ಪ್ರತಿಷ್ಠೆ, ಅದೇ ಬಂಡವಾಳ. ಪರಾಗ ಹಾರಿ, ಬೀಜ ಬೆರೆತು ತಮ್ಮ ಬೆಳೆ ಕೆಟ್ಟೀತೆಂದು ಅವರಿಗೆ ದಿಗಿಲು. ಸುಳ್ಳು ಭಯವೇನಲ್ಲ: ಅಂಡಿಗೆಯಲ್ಲಿ ನಾಲ್ಕು ಕಂದು ಎಳೆ ಕಂಡರೂ ವ್ಯಾಪಾರಿ ದರ ಮುರಿಯುತ್ತಾನೆ. ಆದರೂ ಹೊಲಗಳ ನಡುವೆ ಅಂತರ ಬಿಡುವ ದಾರಿ ಇತ್ತಲ್ಲ! ಫಾಕ್ಸ್ ಗಂಟುಮೂಟೆ ಕಟ್ಟಿ ಅರಿಜೋನಾಕ್ಕೆ ಹೋದರು. ಅಲ್ಲೂ ಅದೇ ರಗಳೆ. ಮತ್ತೆ ಕ್ಯಾಲಿಫೋರ್ನಿಯಾಕ್ಕೇ ಬಂದು ಕೇಪೇ ಕಣಿವೆಯಲ್ಲಿ ನೆಲೆ ನಿಂತರು. ಅಷ್ಟರಲ್ಲಿ ಅಮೆರಿಕದ ನೂಲಿನ ಗಿರಣಿಗಳೇ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು.

ಇತ್ತ ರಸಾಯನದವರು ಕೈಕಟ್ಟಿ ಕೂರಲಿಲ್ಲ. ಹತ್ತಿಯೊಳಗಿನ ವರ್ಣದ್ರವ್ಯ ತಾನೇ ಕಿರಣ ಹೀರುತ್ತದೆ. ಅದನ್ನು ಬ್ಲೀಚಿನಲ್ಲಿ ತೊಳೆದು ಹಾಕಿ, ಆಮೇಲೆ ಕಿರಣ ಹೀರುವ ಪುಡಿಯನ್ನು ಒಗೆಯುವ ನೀರಿಗೆ ಬೆರೆಸಿ ಎಂದು ಮಾರಿದರು. ಬಟ್ಟೆ ಫಳಫಳ ಹೊಳೆಯಲೆಂದು ಸೋಪಿನ ಪುಡಿಗೆ ಸೇರಿಸುವ ಪದಾರ್ಥವೂ ಅಷ್ಟಿಷ್ಟು ಇದೇ ಕೆಲಸ ಮಾಡುತ್ತದೆ. ಕಳೆದದ್ದನ್ನು ಕೊಂಡು ತರುವ ಈ ಜಾಣತನಕ್ಕೆ ಏನನ್ನಬೇಕೋ.

ನಮ್ಮಲ್ಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಸಿಸಿ-1 ಎಂಬ ಕಂದು ದೇಸಿ ಹತ್ತಿಯ ತಳಿ ರೂಪಿಸಿದೆ. ಇಂಥ ಹತ್ತಿಯ ಬಟ್ಟೆ ಒಗೆದರೆ ಮಾಸುವ ಬದಲು ಬಣ್ಣ ಗಾಢವಾಗುವುದುಂಟು. ಆದರೆ ಬಟ್ಟೆ ಅಂಗಡಿಯಲ್ಲಿ ಕಂದು ಹತ್ತಿ ಕೇಳಿ ನೋಡಿ. “ಇದೆ ಸಾರ್, ಬಣ್ಣ ಹೋಗಲ್ಲ, ಗ್ಯಾರಂಟಿ” ಎಂದು ಪಾಲಿಯೆಸ್ಟರ್ ಬಿಚ್ಚಿ ಹಾಸುತ್ತಾರೆ.